ಸ್ಥಾಪನಂ

ಸುತ್ತೋಲೆ ಬಂತು, ತಿರುವನಂತಪುರದಿಂದ, ಮಲಯಾಳದಲ್ಲಿ,
ಬೆನ್ನಿಗೆ ಇಂಗ್ಲಿಷು.
ಕನ್ನಡ ನನ್ನ ಪಾಲು.
ಬದಿಯಡ್ಕದ ಈ ಆಫೀಸಿನಲ್ಲಿ ಕನ್ನಡ ಅಂದರೆ
ಕಿಟಕಿ ಪಕ್ಕದ ಮೇಜು, ನಾನು,
ಮೂರಕ್ಕೆ ತಿರುಗಿಸಿದರೆ ಕೂಗುವ ಒಂದು ಫ್ಯಾನು.

'ಎಲ್ಲ ಎಸ್ಟಾಬ್ಲಿಷ್‌ಮೆಂಟುಗಳೂ
ತಿಂಗಳ ಕೊನೆಯೊಳಗೆ ಲೈಸೆನ್ಸು ನಂಬರನ್ನು
ಬಾಗಿಲ ಮೇಲೆ ಕಾಣುವಂತೆ ಬರೆಸತಕ್ಕದ್ದು.'

ತಕ್ಕದ್ದು ಸುಲಭ. ಬಾಗಿಲೂ ಸುಲಭ.
ಆ ಉದ್ದ ಪದದ ಮುಂದೆ
ಪೆನ್ನು ನಿಂತಿತು.

ಎದುರು ಮೇಜಿನ ಪದ್ಮಾಕ್ಷಿಗೆ ಕಷ್ಟವೇ ಇಲ್ಲ,
'ಸ್ಥಾಪನಂ' ಎಂದು ಗೀಚಿ ಚಹಾಕ್ಕೆ ಎದ್ದಳು.
ಅವಳ ಭಾಷೆಯಲ್ಲಿ ಸ್ಥಾಪನಂ ಅಂದರೆ
ಚಿನ್ನದಂಗಡಿ, ಟ್ಯುಟೋರಿಯಲ್ಲು, ಕೋಳಿಯಂಗಡಿ,
ಶಟರು ಎಳೆಯಬಹುದಾದ ಎಲ್ಲವೂ.
ನನ್ನದರಲ್ಲಿ ಸ್ಥಾಪನೆ ಒಂದೇ ದಿನದ ಕೆಲಸ:
ದೀಪ, ರಿಬ್ಬನ್ನು, ಭಾಷಣ, ಲಾಡು.
ಮರುದಿನದಿಂದ ಅದನ್ನು
ಬೇರೆ ಹೆಸರಿನಿಂದ ಕರೆಯಬೇಕು.

ಸಂಸ್ಥೆ ಅನ್ನೋಣವೇ?
ಸಂಸ್ಥೆಗೆ ಲೆಟರ್‌ಹೆಡ್ಡು ಬೇಕು, ಖಜಾಂಚಿ ಬೇಕು,
ಖಜಾಂಚಿಯನ್ನು ನಂಬದವನೊಬ್ಬ ಬೇಕು.
ಮಮ್ಮುಂಞಿಯ ಪಂಕ್ಚರ್ ಶೆಡ್ಡಿನಲ್ಲಿ
ಮಮ್ಮುಂಞಿ ಒಬ್ಬನೇ.
ಪ್ರತಿಷ್ಠಾನ? ಅದರೊಳಗೆ ಆಗಲೇ ಪ್ರತಿಷ್ಠೆ
ಕಾಲ ಮೇಲೆ ಕಾಲು ಹಾಕಿ ಕೂತಿದೆ.
ಸಂಸ್ಥಾನ? ಬೇಡ, ಪಲ್ಲಕ್ಕಿ ಬಂದೀತು.
ನಮ್ಮಜ್ಜಿಯ ತುಳುವಿನಲ್ಲಿ 'ಸಾನ' ಇತ್ತು,
ಸ್ಥಾನವೇ ಬಾಯಲ್ಲಿ ಸವೆದು ಉಳಿದದ್ದು.
ಒಂದು ಕಲ್ಲು, ಒಂದು ಕತ್ತಿ, ವರ್ಷಕ್ಕೊಂದು ರಾತ್ರಿ.
ಅದರ ಹತ್ತಿರ ಲೈಸೆನ್ಸು ಕೇಳುವ ಗಂಡಸು
ಇನ್ನೂ ನೌಕರಿಗೆ ಸೇರಿಲ್ಲ.

ಮೂರು ಗಂಟೆಗೆ ತನಿಯಪ್ಪಣ್ಣ ಬಂದ, ಕೊಡೆ ರಿಪೇರಿಯವ.
ಕೈಯಲ್ಲಿ ನಾಲ್ಕು ಮಡಿಕೆಯ ನೋಟೀಸು.
'ನಾನು ಏನು ತಪ್ಪು ಮಾಡಿದ್ದು, ಓದಿ ಹೇಳು.'

ಬ್ಯಾಂಕಿನ ಮೆಟ್ಟಿಲ ಬುಡದಲ್ಲಿ
ಇಪ್ಪತ್ತೊಂಬತ್ತು ಮಳೆಗಾಲ ಅವನ ಗೋಣಿಚೀಲ,
ಇಕ್ಕಳ, ಕಡ್ಡಿಗಳ ಕಟ್ಟು,
ಯಾರೋ ಕೊಟ್ಟು ಮರೆತ ಮಕ್ಕಳ ಕೊಡೆಗಳು.
ತಲೆಯ ಮೇಲೆ ಬ್ಯಾಂಕಿನ ಹಿತ್ತಾಳೆ ಫಲಕ,
ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಇ.ಎಸ್.ಟಿ.ಡಿ., ಮುಂದೆ ಒಂದು ಇಸವಿ.
ಎಸ್‌ಟಿಡಿ ಬೂತು ಎಂದುಕೊಂಡು
ಬೊಂಬಾಯಿಗೆ ಫೋನು ಮಾಡಲು ಬಂದವರಿಗೆಲ್ಲ
ಆಚೆ ರಸ್ತೆ ತೋರಿಸಿದವನೂ ಅವನೇ.
ಆಮೇಲೆ ಬ್ಯಾಂಕು ಇನ್ನೊಂದು ಬ್ಯಾಂಕಿನ ಹೊಟ್ಟೆಗೆ ಹೋಯಿತು.
ಫಲಕ ಹೋಯಿತು, ಇಸವಿ ಹೋಯಿತು,
ಗೋಡೆಯಲ್ಲಿ ನಾಲ್ಕು ಸ್ಕ್ರೂ ತೂತು.
ಪುತ್ತೂರು ಬಸ್ಸಿನ ಕಂಡಕ್ಟರ್ ಮಾತ್ರ ಇವತ್ತಿಗೂ
'ಕೊಡೆ, ಕೊಡೆ ಇಳಿಯುವವರು' ಅನ್ನುತ್ತಾನೆ.

ಓದಿ ಹೇಳಿದೆ.
'ಹಾಗಾದರೆ ಈ ಸ್ಥಾಪನಂ ಅಂದರೆ ನಾನಾ?'
ಹೆದರಿದನೋ ಹಿಗ್ಗಿದನೋ ತಿಳಿಯಲಿಲ್ಲ,
ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.
'ನನಗೆ ಬಾಗಿಲೇ ಇಲ್ಲವಲ್ಲ ಮಾರಾಯ,
ನಂಬರು ಎಲ್ಲಿ ಬರೆಸಲಿ?'

ಅವನು ಹೋದ ಮೇಲೆ ಬರೆದೆ:
'ತಳವೂರಿದ ಎಲ್ಲವೂ.'
ಊರು ಎಂಬುದೂ ಅದರೊಳಗೇ ಇತ್ತಲ್ಲ ಎಂದು
ಸ್ವಲ್ಪ ಹೊತ್ತು ಖುಷಿಯಾಯಿತು.
ಸೂಪರಿಂಟೆಂಡೆಂಟರು ಕೆಂಪು ಶಾಯಿಯಲ್ಲಿ ಹೊಡೆದು
'ಸಂಸ್ಥೆಗಳು' ಎಂದು ತಿದ್ದಿದರು.
ಇದು ಸರ್ಕಾರಿ ಕಾಗದ, ಅಂದರು. ಹೌದು, ಅಂದೆ.

ಹದಿನೈದು ದಿನ ಕಳೆದು ಸಂಜೆ ಬಸ್ಸಿಗೆ ಕಾಯುತ್ತಿದ್ದೆ.
ಹನಿ ಬಿತ್ತು. ತನಿಯಪ್ಪಣ್ಣ ಕೈಬೀಸಿ ಕರೆದು
ಅವನ ದೊಡ್ಡ ಕರಿಕೊಡೆ ಬಿಚ್ಚಿದ.
ಕತ್ತೆತ್ತಿದರೆ
ಒಳಮೈಯಲ್ಲಿ ಬಿಳಿ ಪೇಂಟಿನ ಆರು ಅಂಕಿ,
ಒಂದು ಕಡ್ಡಿಯಿಂದ ಇನ್ನೊಂದು ಕಡ್ಡಿಗೆ, ಸೊಟ್ಟಗೆ.

'ಕಾಣುತ್ತದಲ್ಲ?' ಅಂದ.